ಮೂಕಿ ಚಿತ್ರದ ಸರ್ಕಸ್ ಯಾಕೆ ಇಷ್ಟು ಎಳೆಯುತ್ತದೆ?

ಪ್ರಶ್ನೆ: ಸಣ್ಣವನಿದ್ದಾಗ ಊರಿಗೆ ಸರ್ಕಸ್ ಬಂದರೆ ಅಪ್ಪನ ಹೆಗಲೇರಿ ನೋಡುತ್ತಿದ್ದೆ. ಈಗ ರಾತ್ರಿ ಹೊತ್ತು ಮೊಬೈಲಿನಲ್ಲಿ ಸರ್ಕಸ್ ಕಥೆಯ ಹಳೇ ಮೂಕಿ ಚಿತ್ರಗಳನ್ನು ಹುಡುಕಿ ನೋಡುತ್ತೇನೆ. ಮಾತಿಲ್ಲ, ಬಣ್ಣವಿಲ್ಲ, ಪರದೆ ತುಂಬಾ ಗೀರು. ಆದರೂ ಬಿಡೋಕಾಗಲ್ಲ. ಯಾಕಿರಬಹುದು?
– ಓದುಗರೊಬ್ಬರು, ಗಂಗಾವತಿ

ಉತ್ತರ: ನನಗೂ ಇದೇ ಗೀಳು. ಚಿಕ್ಕಂದಿನಲ್ಲಿ ಬಳ್ಳಾರಿಯಲ್ಲಿ ಸರ್ಕಸ್ ನೋಡಿದವಳು ನಾನು. ಜೋಕಾಲಿ ಆಟದ ಹೊತ್ತಿಗೆ ಬ್ಯಾಂಡಿನವರು ಬಾರಿಸುವುದನ್ನು ನಿಲ್ಲಿಸಿಬಿಡುತ್ತಿದ್ದರು, ಆ ಹುಡುಗಿ ಈ ಜೋಕಾಲಿ ಬಿಟ್ಟು ಆಚೆ ನೇತಾಡುವವನ ಕೈ ಹಿಡಿಯುವವರೆಗೂ ಇಡೀ ಡೇರೆ ಉಸಿರು ಬಿಗಿಹಿಡಿದು ಕೂರುತ್ತಿತ್ತು. ಅಲ್ಲಿ ಮಾತೇ ಬೇಕಿರಲಿಲ್ಲ. ಮೂಕಿ ಚಿತ್ರದಲ್ಲೂ ಮೈಯೇ ಮಾತಾಡಬೇಕು, ಅಲ್ವಾ?

ಅದರಲ್ಲೂ ಆ ಅಪಾಯ ಎಷ್ಟೋ ಸಲ ನಿಜದ್ದು. 1928ರ ‘ದಿ ಸರ್ಕಸ್’ಗಾಗಿ ಚಾಪ್ಲಿನ್ ಹಗ್ಗದ ಮೇಲೆ ನಡೆಯುವುದನ್ನು ಕಲಿತರು. ಮೊದಲ ತಿಂಗಳು ತೆಗೆದದ್ದೆಲ್ಲ ಲ್ಯಾಬಿನಲ್ಲಿ ಗೀರು ಬಿದ್ದು ಹಾಳಾಯಿತು. ಮತ್ತೆ ಹಗ್ಗ ಹತ್ತಿದರು. ಸಿಂಹದ ಬೋನಿನೊಳಗೂ ಅವರೇ ಹೋದರು, ಮುಖದಲ್ಲಿರುವ ಆ ಹೆದರಿಕೆ ಸುಮ್ನೆ ಬಂದದ್ದಲ್ಲ. ಜರ್ಮನಿಯ ‘ವರಿಯೇಟೆ’ಯಲ್ಲಂತೂ (1925) ಕ್ಯಾಮೆರಾವನ್ನೇ ಜೋಕಾಲಿಯಲ್ಲಿ ತೂಗಿದ್ದಾರೆ. ಕೆಳಗೆ ಕೂತ ಜನ ಓಲಾಡುವುದನ್ನು ನೋಡಿ ನನ್ನ ಅಂಗಾಲು ಜುಮ್ಮೆಂದಿತ್ತು.

ಎಲ್ಲವೂ ಸಿಗುವುದಿಲ್ಲ ಅನ್ನುವುದೂ ಒಂದು ಸೆಳೆತ. ಆಗಿನ ನೈಟ್ರೇಟ್ ರೀಲು ಬೇಗ ಬೆಂಕಿ ಹತ್ತುತ್ತಿತ್ತು, ಇಟ್ಟಲ್ಲೇ ಕೊಳೆಯುತ್ತಿತ್ತು. ಟಾಕಿ ಬಂದ ಮೇಲೆ ಕಾಪಾಡುವವರೂ ಕಡಿಮೆಯಾದರು. ಜರ್ಮನ್ ನಿರ್ದೇಶಕ ಮುರ್ನೌ ಮಾಡಿದ ‘ಫೋರ್ ಡೆವಿಲ್ಸ್’ (1928) ಇವತ್ತಿಗೂ ಸಿಕ್ಕಿಲ್ಲ. ಹಾಲಿವುಡ್ ನಟ ಲಾನ್ ಚೇನಿಯ ‘ದಿ ಅನ್‌ನೋನ್’ (1927) ಕಥೆ ಕೇಳಿ. ಅದರಲ್ಲಿ ಅವರದು ಎರಡೂ ಕೈ ಇಲ್ಲವೆಂದು ನಂಬಿಸಿ ಕಾಲಿನಿಂದ ಚಾಕು ಎಸೆಯುವವನ ಪಾತ್ರ, ಕೆಲವು ದೃಶ್ಯಗಳಲ್ಲಿ ಕಾಣುವ ಕಾಲು ಮಾತ್ರ ನಿಜಕ್ಕೂ ಕೈಯಿಲ್ಲದ ಕಲಾವಿದರೊಬ್ಬರದು. ಚಿತ್ರದ ಹೆಸರಿನ ಅರ್ಥವೇ ‘ಗೊತ್ತಿಲ್ಲದವನು’. ಪ್ಯಾರಿಸ್ಸಿನ ಸಂಗ್ರಹದಲ್ಲಿ ಒಳಗೇನಿದೆ ಅಂತ ತಿಳಿಯದ ಡಬ್ಬಿಗಳ ಮೇಲೂ ಅದೇ ಪದ ಬರೆದಿತ್ತು! ಆ ರಾಶಿಯಲ್ಲಿ ಬಿದ್ದಿದ್ದ ಈ ಚಿತ್ರ ಸಿಕ್ಕಿದ್ದು 1968ರಲ್ಲಿ. 2022ರಲ್ಲಿ ಇನ್ನೂ ಸುಮಾರು 10 ನಿಮಿಷದ ದೃಶ್ಯಗಳನ್ನು ಅದಕ್ಕೆ ಸೇರಿಸಿದರು.

ನೋಡುವುದಾದರೆ ಸರಿಪಡಿಸಿದ ಪ್ರತಿಗಳನ್ನೇ ಹುಡುಕಿ, ಕೆಟ್ಟ ಪ್ರತಿಗಳಲ್ಲಿ ವೇಗ ಜಾಸ್ತಿಯಾಗಿ ಎಲ್ಲರೂ ಗಡಿಬಿಡಿಯಲ್ಲಿ ಓಡಿದಂತೆ ಕಾಣುತ್ತಾರೆ. ಮತ್ತೆ ಒಂದು ರಾತ್ರಿ ಮೊಬೈಲ್ ಬದಲು ಟಿವಿಗೆ ಹಾಕಿ, ಅಪ್ಪ ಇದ್ದರೆ ಅವರನ್ನೂ ಪಕ್ಕ ಕೂರಿಸಿಕೊಳ್ಳಿ.