ಘಾನಾದ ಹಳ್ಳಿ ಸಭೆಗಳಿಗೆ ಮಿಷನ್ ತಂಡದೊಡನೆ ಹೋಗುವವರು ಹೇಗೆ ಸಿದ್ಧರಾಗಬೇಕು?

ಎರಡು ವಾರ ಘಾನಾದ ಹಳ್ಳಿ ಚರ್ಚುಗಳಿಗೆ ಹೋಗುತ್ತಿದ್ದೇನೆ, ಏನು ಒಯ್ಯಲಿ, ಏನು ಮಾತನಾಡಲಿ ಎಂದು ಕೇಳಿದ್ದೀರಿ. ನಾನು ಮಂಗಳೂರಿನಿಂದ ಆರು ಮಂದಿಯ ತಂಡದಲ್ಲಿ ಅಕ್ವಾಪಿಮ್ ಗುಡ್ಡಸಾಲಿನ ಹಳ್ಳಿಗಳಿಗೆ ಹೋಗಿಬಂದವನು.

ಅವರಿಗೆ ಸುವಾರ್ತೆ ಮುಟ್ಟಿಸಲು ಹೊರಟಿದ್ದೇನೆ ಎಂಬ ಹುಮ್ಮಸ್ಸಿದ್ದರೆ ಮನೆಯಲ್ಲೇ ಇಟ್ಟು ಹೋಗಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಘಾನಾದ ಕರಾವಳಿಗೆ ಇಳಿದದ್ದು 1828ರಲ್ಲಿ. ಅಲ್ಲಿಗೆ ಮೊದಲು ಹೋದ ನಾಲ್ವರೂ ಕೆಲವೇ ವರ್ಷಗಳಲ್ಲಿ ಅಲ್ಲಿಯೇ ತೀರಿಕೊಂಡರು. ನಮ್ಮ ಕಿಟೆಲ್ ನಿಘಂಟು 1894ರದು. ಅದೇ ಮಿಷನ್‌ನ ಕ್ರಿಸ್ಟಾಲರ್ ಅಲ್ಲಿನ ಜನರ ಟ್ವಿ ಭಾಷೆಯ ನಿಘಂಟನ್ನು 1881ರಲ್ಲೇ ಹೊರತಂದಿದ್ದರು. ಇದನ್ನೆಲ್ಲ ಒಂದು ಹಳ್ಳಿಯಲ್ಲಿ ಹೇಳಿದಾಗ ಸಭೆಯ ಹಿರಿಯರೊಬ್ಬರು ನಕ್ಕು, "ಹಾಗಾದರೆ ತಮ್ಮಂದಿರು ಅಣ್ಣನ ಮನೆಗೆ ಬಂದಿದ್ದೀರಿ" ಎಂದರು. ನಾನು ಚರ್ಚಿನಲ್ಲಿ ಮಾಡಿದ ಯಾವ ಪ್ರಸಂಗಕ್ಕೂ ಅಷ್ಟು ಬೆಲೆ ಸಿಗಲಿಲ್ಲ.

ಹಳ್ಳಿಗೆ ಕಾಲಿಟ್ಟಾಗ ಹಿರಿಯರು ಸಾಲಾಗಿ ಕುಳಿತಿರುತ್ತಾರೆ. ಬಲತುದಿಯಿಂದ ಶುರುಮಾಡಿ ಎಲ್ಲರ ಕೈಕುಲುಕುತ್ತ ಎಡಕ್ಕೆ ಬನ್ನಿ. ಆಮೇಲೆ ಕುಳಿತುಕೊಳ್ಳಿ, ನೀರು ಬರುತ್ತದೆ. ಕುಡಿದ ಬಳಿಕವೇ ಬಂದ ಕಾರಣ ಕೇಳುತ್ತಾರೆ. ಮೊದಲೇ ಗೊತ್ತಿದ್ದರೂ ಕೇಳುತ್ತಾರೆ, ನೀವೂ ವಿಸ್ತಾರವಾಗಿ ಹೇಳಬೇಕು. ನಮ್ಮ ಕರಾವಳಿಯಲ್ಲಿ ಬೆಲ್ಲ ನೀರು ಕೊಟ್ಟು ಮಾತಿಗೆ ಕೂರುವುದಿಲ್ಲವೇ, ಹಾಗೆಯೇ. ನಮ್ಮ ತಂಡದವರೊಬ್ಬರು ನೀರಿಗೆ ಮುಂಚೆಯೇ ಕಾರ್ಯಕ್ರಮದ ಪಟ್ಟಿ ಓದಲು ಎದ್ದರು. ಭಾಷಾಂತರ ಮಾಡಬೇಕಾದ ಹುಡುಗ ಬಾಯಿ ಬಿಡದೆ ಲೋಟವನ್ನು ಅವರ ಕೈಗಿತ್ತ. ಅವರು ಅದನ್ನು ಎಡಗೈಯಲ್ಲಿ ತೆಗೆದುಕೊಂಡದ್ದು ಎರಡನೆಯ ತಪ್ಪು. ಕೊಡುವುದು, ಕೊಳ್ಳುವುದು, ಕೈಬೀಸುವುದು ಎಲ್ಲವೂ ಬಲಗೈಯಲ್ಲೇ ಆಗಬೇಕು.

ಹಳದಿ ಜ್ವರದ ಲಸಿಕೆ ಕಡ್ಡಾಯ. ಹೊರಡುವುದಕ್ಕೆ ಹತ್ತು ದಿನ ಮೊದಲಾದರೂ ಹಾಕಿಸಿಕೊಳ್ಳಿ. ಪ್ರಮಾಣಪತ್ರ ಜೋಪಾನ, ವಾಪಸು ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಕೇಳುತ್ತಾರೆ. ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಮಕ್ಕಳಿಗೆ ಚಾಕೊಲೇಟ್ ಎರಚುತ್ತ ಫೋಟೊ ತೆಗೆಯುವ ಚಾಳಿ ಮಾತ್ರ ಬೇಡವೇ ಬೇಡ (ಕೋಕೋ ಬೆಳೆಯುವ ಗುಡ್ಡಕ್ಕೆ ಚಾಕೊಲೇಟ್ ಹೊತ್ತುಕೊಂಡು ಹೋದ ಬುದ್ಧಿವಂತರು ನಾವು). ಏನಾದರೂ ಕೊಡುವುದಿದ್ದರೆ ಅಲ್ಲಿನ ಉಪದೇಶಿಯ ಕೈಗೆ ಕೊಡಿ. ಸಭಾಪಾಲಕರಿಗೆ ಹಲವು ಹಳ್ಳಿಗಳಿರುವುದರಿಂದ ದಿನನಿತ್ಯ ಸಭೆಯನ್ನು ನಡೆಸುವವರು ಉಪದೇಶಿಯೇ. ಪ್ರಸಂಗ ಹತ್ತು ನಿಮಿಷ ಸಾಕು, ಭಾಷಾಂತರ ಸೇರಿದರೆ ಇಪ್ಪತ್ತಾಗುತ್ತದೆ.

ಆರಾಧನೆ ಮೂರು ಗಂಟೆಗೂ ಮೀರಬಹುದು, ಆದರೆ ಕಾಣಿಕೆಯ ಹೊತ್ತಿಗೆ ನಿದ್ದೆ ಹಾರಿಹೋಗುತ್ತದೆ. ಹುಟ್ಟಿದ ವಾರದ ಹೆಸರಿನ ಪ್ರಕಾರ ಕರೆಯುತ್ತಾರೆ: ಭಾನುವಾರ ಹುಟ್ಟಿದ ಗಂಡಸು ಕ್ವಾಸಿ, ಹೆಂಗಸು ಅಕೋಸುವಾ, ಶುಕ್ರವಾರದವರು ಕೋಫಿ, ಅಫುವಾ, ಹೀಗೆ. ಒಂದೊಂದು ಗುಂಪೂ ಬಿಳಿ ಕರವಸ್ತ್ರ ಬೀಸಿ ಕುಣಿಯುತ್ತ ಪೆಟ್ಟಿಗೆಯ ಬಳಿ ಹೋಗುತ್ತದೆ. ಕೊನೆಗೆ ಯಾವ ವಾರದವರು ಎಷ್ಟು ಸೆಡಿ (ಅಲ್ಲಿನ ಹಣ) ಹಾಕಿದರೆಂದು ಓದಿ ಹೇಳುತ್ತಾರೆ. ನನ್ನ ಜನ್ಮವಾರ ನನಗೆ ತಿಳಿದಿರಲಿಲ್ಲ. ಮೊದಲು ಎದ್ದ ಭಾನುವಾರದವರ ಹಿಂದೆಯೇ ಹೋಗಿ ನೋಟು ಹಾಕಿದೆ, ಅವರೇ ಗೆದ್ದರು. ಊಟದ ಹೊತ್ತಿಗೆ ಮೊಬೈಲ್‌ನಲ್ಲಿ ಹುಡುಕಿದರೆ ನಾನು ಹುಟ್ಟಿದ್ದು ಗುರುವಾರ, ಅಂದರೆ ಅಲ್ಲಿನ ಲೆಕ್ಕದಲ್ಲಿ ನನ್ನ ಹೆಸರು 'ಯಾವ್'. ಉಪದೇಶಿಯೂ 'ಯಾವ್'. ತಮ್ಮ ಗುಂಪು ಹಿಂದೆ ಬಿದ್ದದ್ದಕ್ಕೆ ಕಾರಣ ಈಗ ಸಿಕ್ಕಿತೆಂದು ಅವರು ಊಟ ಮುಗಿಯುವವರೆಗೂ ಎಲ್ಲರನ್ನೂ ಕರೆಕರೆದು ಹೇಳಿದರು.