ಅಮ್ಮನಿಗೇ ಬಾರದ ‘ಮದರ್ ಟಂಗ್’

ಸಲಹೆ ಕೇಳಿ ನನ್ನ ಹತ್ತಿರ ಬಂದ ಒಂದು ಮನೆಯ ಕಥೆ ಇದು, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಹುಡುಗನನ್ನು ಪುಟ್ಟ ಅಂತಲೇ ಕರೆಯೋಣ. ಒಂಬತ್ತು ವರ್ಷ, ಸಿಂಗಾಪುರದಲ್ಲಿ ಮೂರನೇ ತರಗತಿ. ಅಪ್ಪ ಅಮ್ಮ ಮೈಸೂರು ಕಡೆಯವರು.

“ಮೇಡಂ, ಚೈನೀಸ್ ಪುಸ್ತಕ ತೆಗೆದರೆ ಸಾಕು, ಇವನಿಗೆ ಹೊಟ್ಟೆನೋವು ಶುರು” ಅಂತ ಅಮ್ಮ ವಿಡಿಯೋ ಕಾಲ್‌ನಲ್ಲಿ ಹೇಳಿದರು.

ಅಲ್ಲಿನ ಶಾಲೆಯಲ್ಲಿ ಇಂಗ್ಲಿಷ್ ಜೊತೆ ಇನ್ನೊಂದು ಭಾಷೆ ಓದಬೇಕು. ಅದಕ್ಕೆ ‘ಮದರ್ ಟಂಗ್’ ಅಂತಲೇ ಹೆಸರು. ಚೈನೀಸ್, ಮಲಯ್, ತಮಿಳು ಇವೆ. ತಮಿಳರಲ್ಲದ ಭಾರತೀಯರಿಗೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಕೂಡ ಇವೆ. ಕನ್ನಡ ಇಲ್ಲ. ಹೇಗಿದ್ದರೂ ಬೇರೆ ಭಾಷೆಯೇ ತಾನೆ, ಮುಂದೆ ಕೆಲಸಕ್ಕೆ ಬರುತ್ತೆ ಅಂತ ಅಪ್ಪ ಚೈನೀಸ್‌ಗೆ ಹಾಕಿದರು. ಆರನೇ ತರಗತಿಯ ಪರೀಕ್ಷೆಯಲ್ಲಿ ಇದು ನಾಲ್ಕರಲ್ಲಿ ಒಂದು ವಿಷಯ. 2021ರಿಂದ ಪ್ರತಿ ವಿಷಯಕ್ಕೂ 1ರಿಂದ 8ರವರೆಗೆ ದರ್ಜೆ, ಕಡಿಮೆ ಬಂದಷ್ಟೂ ಒಳ್ಳೇದು. ಅಪ್ಪ ಈಗಲೇ ಆ ಲೆಕ್ಕ ಹಾಕುತ್ತಿದ್ದರು.

ಪುಟ್ಟನೊಬ್ಬನ ಜೊತೆಯೇ ಮಾತಾಡಿದೆ. ಹತ್ತು ನಿಮಿಷ ಪೆನ್ಸಿಲ್ ಕೆತ್ತುತ್ತಾ ಕೂತಿದ್ದ. ಆಮೇಲೆ ಕೇಳಿದ, “ಆಂಟಿ, ಅಮ್ಮನಿಗೇ ಬರಲ್ಲ, ಮತ್ತೆ ಇದು ಯಾವ ಮದರ್ ಟಂಗ್?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ನಕ್ಕೆ.

ಕ್ಲಾಸಿನಲ್ಲಿ ಹೆಚ್ಚಿನವರ ಮನೆಯಲ್ಲಿ ಯಾರಾದರೂ ಆ ಭಾಷೆ ಆಡುವವರು ಇದ್ದರು, ಇವನ ಮನೆಯಲ್ಲಿ ಯಾರೂ ಇಲ್ಲ. ವಾರಕ್ಕೊಮ್ಮೆ ‘ಥಿಂಗ್ ಶಿಯೆ’, ಅಂದರೆ ಟೀಚರ್ ಹೇಳಿದ ಪದವನ್ನು ಕೇಳಿ ಬರೆಯುವ ಪರೀಕ್ಷೆ. ಹಿಂದಿನ ರಾತ್ರಿ ಅಮ್ಮ ಉಕ್ತಲೇಖನ ಕೊಡುತ್ತಿದ್ದರು. ಒಮ್ಮೆ ಅವರು ‘ಮಾಯ್’ ಅಂದರು, ಇವನು ಬರೆದ, ತಪ್ಪು ಅಂತ ಬೈದರು. ಆದರೆ ಚೈನೀಸ್‌ನಲ್ಲಿ ದನಿಯ ಏರಿಳಿತ ಬದಲಾದರೆ ಅರ್ಥವೇ ಬದಲು. ‘ಮಾಯ್’ ಅನ್ನುವಾಗ ದನಿ ಇಳಿಸಿ ಏರಿಸಿದರೆ ಅದು ‘ಕೊಳ್ಳು’, ಮೇಲಿಂದ ಜೋರಾಗಿ ಇಳಿಸಿದರೆ ‘ಮಾರು’. ಅಕ್ಷರದಲ್ಲೂ ‘ಕೊಳ್ಳು’ವಿನ ತಲೆ ಮೇಲೆ ಕೂಡಿಸುವ ಗುರುತಿನಂಥದ್ದು ಒಂದು ಇಟ್ಟರೆ ‘ಮಾರು’. ಅಮ್ಮ ಹೇಳಿದ್ದು ಎರಡೂ ಅಲ್ಲ. ಹುಡುಗ ಕೇಳಿದ್ದನ್ನೇ ಬರೆದಿದ್ದ, ಬೈಸಿಕೊಂಡ. ಹೊಟ್ಟೆನೋವು ಬರದೆ ಇನ್ನೇನು?

ಮೊದಲು ಆ ಉಕ್ತಲೇಖನ ನಿಲ್ಲಿಸಿ ಅಂದೆ. ಟೀಚರ್ ದನಿಯನ್ನೋ ಆ ಭಾಷೆ ಬಲ್ಲ ನೆರೆಯವರ ದನಿಯನ್ನೋ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ದಿನಕ್ಕೆ ಹದಿನೈದು ನಿಮಿಷ ಸಾಕು, ರಾತ್ರಿ ಬೇಡ. ಅಮ್ಮ ಪಕ್ಕದಲ್ಲಿ ಇನ್ನೊಂದು ಪುಸ್ತಕ ಹಿಡಿದು ತಾವೂ ಬರೆಯಬೇಕು, ತಿದ್ದುವವನು ಪುಟ್ಟ.

ನಾನೂ ಒಂದು ಕಾಲಕ್ಕೆ ಮ್ಯಾಂಡರಿನ್, ಅಂದರೆ ಇದೇ ಚೈನೀಸ್, ಕ್ಲಾಸಿಗೆ ಸೇರಿ ಅರ್ಧಕ್ಕೆ ಬಿಟ್ಟವಳು, ಹಾಗಾಗಿ ಒಂದು ಗುಟ್ಟು ಗೊತ್ತಿತ್ತು. ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಅವರ ಪಿನ್ಯಿನ್ ಬರಹವನ್ನು ಇಂಗ್ಲಿಷ್ ಥರ ಓದಿದರೆ ಕೆಡುತ್ತದೆ, ನಮ್ಮ ವರ್ಣಮಾಲೆ ಹಿಡಿದು ಓದಿದರೆ ಹತ್ತಿರ ಹೋಗುತ್ತದೆ. ‘ಬಿ’ ಅಂತ ಬರೆದದ್ದು ಹೆಚ್ಚುಕಮ್ಮಿ ಪ, ‘ಪಿ’ ಅಂತ ಬರೆದದ್ದು ಉಸಿರು ಬಿಡುವ ಫ. ಫ್ಯಾನಿನ ಫ ಅಲ್ಲ, ಫಲದ ಫ. ‘ಡಿ’, ‘ಟಿ’ ಅಂದರೆ ತ, ಥ. ‘ಜಿ’, ‘ಕೆ’ ಅಂದರೆ ಕ, ಖ. (ಮಾತಾಡುವಾಗ ನಾವು ಮಹಾಪ್ರಾಣ ನುಂಗಿಬಿಡುತ್ತೇವೆ, ಅದು ಬೇರೆ ವಿಷಯ.) ಅಮ್ಮನ ಮುಖ ಅರಳಿತು. ತಮಗೆ ಬರುವಂಥದ್ದೂ ಇದರಲ್ಲಿ ಏನೋ ಇದೆ ಅಲ್ವಾ!

ನನಗೆ ನಿಜಕ್ಕೂ ಬೇಜಾರಾದದ್ದು ಬೇರೆ ವಿಷಯಕ್ಕೆ. ತಲೆ ಗೊಂದಲವಾಗುತ್ತೆ ಅಂತ ಮನೆಯಲ್ಲಿ ಕನ್ನಡವನ್ನೇ ನಿಲ್ಲಿಸಿದ್ದರು. ಅಜ್ಜಿಯ ಜೊತೆ ಮಾತೂ ನಿಂತಿತ್ತು. ಇದನ್ನು ನಾಳೆಯೇ ಮತ್ತೆ ಶುರು ಮಾಡಿ ಅಂದೆ. ಒಂದು ಭಾಷೆ ಬಿಟ್ಟರೆ ಇನ್ನೊಂದಕ್ಕೆ ಜಾಗ ಆಗುತ್ತದೆ ಅನ್ನೋಕೆ ಮಗುವಿನ ತಲೆ ಅಕ್ಕಿ ಡಬ್ಬಿಯಲ್ಲ.

ಹಿಂದಿಗೆ ಬದಲಾಯಿಸೋಣವಾ ಅಂತ ಅಪ್ಪ ಕೇಳಿದರು. ಅಲ್ಲಿಯೂ ಮೂರು ವರ್ಷ ಹಿಂದೆ ಬೀಳುತ್ತಾನೆ, ಒಂದು ಟರ್ಮ್ ನೋಡಿ ಅಂದೆ. ಐದನೇ ತರಗತಿಯಲ್ಲಿ ಸುಲಭದ ಫೌಂಡೇಶನ್ ಮಟ್ಟವೂ ಇದೆ, ಅದನ್ನು ತಗೊಂಡರೆ ಅವಮಾನವೇನಲ್ಲ. ಜೊತೆಗೆ, ಭಾನುವಾರ ಹಾಕರ್ ಸೆಂಟರಿನಲ್ಲಿ (ತಿಂಡಿ ಅಂಗಡಿಗಳೆಲ್ಲ ಒಂದೇ ಕಡೆ ಇರುವ ಜಾಗ) ಸೋಯಾ ಹಾಲು ಕೊಳ್ಳುವುದು, ‘ತ್ವೋ ಶಾವ್ ಛ್ಯೆನ್’, ಎಷ್ಟು ದುಡ್ಡು ಅಂತ ಕೇಳುವುದು ಪುಟ್ಟನ ಕೆಲಸ. ಅಪ್ಪ ಬಾಯಿ ಹಾಕಬಾರದು.

ಮೂರು ತಿಂಗಳಾಯಿತು. ಪ್ರಬಂಧ ಬರೆಯಲು ಈಗಲೂ ಅಳುತ್ತಾನೆ, ಅಂಕ ಸ್ವಲ್ಪ ಏರಿದೆ ಅಷ್ಟೇ. ಹೊಟ್ಟೆನೋವು ಕಡಿಮೆ. ಕಳೆದ ವಾರ ಅಮ್ಮ ತಮ್ಮ ಪುಸ್ತಕ ಕ್ಯಾಮೆರಾ ಮುಂದೆ ಹಿಡಿದರು. ಹತ್ತರಲ್ಲಿ ನಾಲ್ಕು. ಕೆಂಪು ಇಂಕಿನಲ್ಲಿ ಪುಟ್ಟನ ಕನ್ನಡ ಅಕ್ಷರ: “ಅಮ್ಮ, ಇನ್ನೊಂದು ಸಲ ಬರಿ.”