ಬೇಟೆಯ ಬಾಣಕ್ಕೆ ಎಷ್ಟು ತೂಕದ ಮೊನೆ?

ಬಿಲ್ವಿದ್ಯೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಹಲವು ವರ್ಷಗಳಿಂದ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ್ದೇನೆ. ಬೇಟೆಗಾರರಿಗೆ ಕಡ್ಡಾಯವಾಗಿರುವ ತರಬೇತಿಯನ್ನು ಮುಗಿಸಿ ಪರವಾನಗಿ ಪಡೆದಿದ್ದು, ಈ ಬಾರಿ ಬಿಳಿಬಾಲದ ಜಿಂಕೆಯ ಬೇಟೆಗೆ ಹೋಗಬೇಕೆಂದಿದ್ದೇನೆ. ನನ್ನದು 60 ಪೌಂಡ್ ಸೆಳೆತದ ಕಾಂಪೌಂಡ್ (ರಾಟೆಗಳಿರುವ) ಬಿಲ್ಲು. ಬಾಣ 28 ಇಂಚಿನದು, ಸ್ಪೈನ್ (ಬಾಣದ ಬಿಗಿಯ ಅಳತೆ) 400. ಈಗ 100 ಗ್ರೇನ್ ತೂಕದ ಮೊನೆ ಹಾಕಿ ಅಭ್ಯಾಸ ಮಾಡುತ್ತಿದ್ದೇನೆ. ಅಂಗಡಿಯವರು 125 ಗ್ರೇನ್ ಒಳ್ಳೆಯದೆನ್ನುತ್ತಾರೆ, ಜೊತೆಗಾರರೊಬ್ಬರು 200ಕ್ಕೆ ಹೋಗಿ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಅಂಗಡಿಯವರ ಮಾತಿನಲ್ಲಿ ತಪ್ಪಿಲ್ಲ. ಜೊತೆಗಾರರ ಮಾತನ್ನು ಪಾಲಿಸಬೇಕಾದರೆ ನೀವು ಮೊನೆಯನ್ನಲ್ಲ, ಇಡೀ ಬಾಣವನ್ನೇ ಬದಲಿಸಬೇಕಾಗುತ್ತದೆ. ಮೊನೆಯ ತೂಕವನ್ನು ಅದೊಂದನ್ನೇ ಪ್ರತ್ಯೇಕವಾಗಿ ಆರಿಸಿಕೊಳ್ಳಲು ಬರುವುದಿಲ್ಲ. ಅದು ಶಾಫ್ಟಿನ, ಅಂದರೆ ಬಾಣದ ಕಡ್ಡಿಯ, ಬಿಗಿ, ಉದ್ದ ಮತ್ತು ಬಿಲ್ಲಿನ ಸೆಳೆತದೊಂದಿಗೆ ಹೊಂದಿಕೊಂಡೇ ನಿರ್ಧಾರವಾಗಬೇಕಾದ ವಿಷಯ. ಬಹಳಷ್ಟು ಜನ ಇದನ್ನು ಗಮನಿಸದೆ ಮೊನೆಯನ್ನು ಮಾತ್ರ ಬದಲಿಸಿ, ಬಾಣ ಗುರಿ ತಪ್ಪಿದಾಗ ಬಿಲ್ಲನ್ನು ದೂರುತ್ತಾರೆ.

ಮೊದಲು ಲೆಕ್ಕ ನೋಡೋಣ. ಒಂದು ಗ್ರಾಮಿಗೆ ಸುಮಾರು 15.4 ಗ್ರೇನ್. ಹಾಗಾಗಿ 100 ಗ್ರೇನಿನ ಮೊನೆ 6.5 ಗ್ರಾಂ ತೂಗಿದರೆ 125 ಗ್ರೇನಿನದು 8.1 ಗ್ರಾಂ ತೂಗುತ್ತದೆ. ಒಂದೂವರೆ ಗ್ರಾಮಿನಷ್ಟು ಈ ವ್ಯತ್ಯಾಸ ಕೈಗೆ ತಿಳಿಯುವುದೇ ಇಲ್ಲ, ಆದರೆ ಬಾಣದ ತುದಿಯಲ್ಲಿ ಕೂತಾಗ ಅದು ಎರಡು ಕೆಲಸ ಮಾಡುತ್ತದೆ. ಮೊದಲನೆಯದಾಗಿ ಬಾಣದ ಸಮತೋಲದ ಬಿಂದುವನ್ನು ಮುಂದಕ್ಕೆ ಎಳೆಯುತ್ತದೆ. ಎರಡನೆಯದಾಗಿ, ಹೆದೆ ಬಿಟ್ಟ ಕ್ಷಣದಲ್ಲಿ ಶಾಫ್ಟ್ ಹೆಚ್ಚು ಬಾಗುವಂತೆ ಮಾಡುತ್ತದೆ. ಮೊದಲನೆಯದು ಅನುಕೂಲ, ಎರಡನೆಯದು ತೊಡಕು. ಇವೆರಡರ ನಡುವೆ ಹದ ಕಂಡುಕೊಳ್ಳುವುದೇ ನಿಮ್ಮ ಮುಂದಿರುವ ಕೆಲಸ.

ಸಮತೋಲದ ಬಿಂದುವನ್ನು ನೀವೇ ಮನೆಯಲ್ಲಿ ಅಳೆಯಬಹುದು. ಮೊನೆ ಹಾಕಿದ ಬಾಣವನ್ನು ಚಾಕುವಿನ ಬೆನ್ನಿನ ಮೇಲೆ ಅಡ್ಡಲಾಗಿ ಇಟ್ಟು, ಅದು ಎತ್ತಲೂ ವಾಲದೆ ನಿಲ್ಲುವ ಜಾಗದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ. ಹೆದೆ ಕೂರುವ ನಾಕಿನ ತೋಡಿನಿಂದ ಆ ಗುರುತಿನವರೆಗಿನ ದೂರವನ್ನು ಅಳೆದು, ಅದರಿಂದ ಬಾಣದ ಅರ್ಧ ಉದ್ದವನ್ನು ಕಳೆಯಿರಿ. ಉಳಿದದ್ದನ್ನು ಪೂರ್ತಿ ಉದ್ದದಿಂದ ಭಾಗಿಸಿ 100ರಿಂದ ಗುಣಿಸಿದರೆ ಬಾಣದ ಮುಂಭಾರ ಶೇಕಡಾ ಎಷ್ಟೆಂದು ಸಿಗುತ್ತದೆ. ಉದ್ದವನ್ನು ಲೆಕ್ಕ ಹಾಕುವಾಗ ಮೊನೆಯನ್ನು ಸೇರಿಸದೆ ಶಾಫ್ಟಿನ ಕೊನೆಯವರೆಗೆ ಮಾತ್ರ ಅಳೆಯಬೇಕು. ನಿಮ್ಮ 28 ಇಂಚಿನ ಬಾಣದ ಗುರುತು ಹದಿನೇಳೂವರೆ ಇಂಚಿನಲ್ಲಿ ಬಿದ್ದರೆ ಉತ್ತರ 12.5 ಶೇಕಡಾ. ಸಾಮಾನ್ಯ ಕಾರ್ಬನ್ ಶಾಫ್ಟಿಗೆ 100 ಗ್ರೇನ್ ಹಾಕಿದಾಗ ಹೆಚ್ಚು ಕಡಿಮೆ ಇಷ್ಟೇ ಬರುತ್ತದೆ, 125 ಹಾಕಿದರೆ 15ರ ಆಸುಪಾಸಿಗೆ ಏರುತ್ತದೆ. ಬೇಟೆಯ ಬಾಣಕ್ಕೆ 10ರಿಂದ 15 ಶೇಕಡಾ ಇರಲಿ ಎಂಬುದು ಬಾಣ ತಯಾರಕರ ರೂಢಿಯ ಸಲಹೆಯಾಗಿರುವುದರಿಂದ, ನಿಮ್ಮ ಎರಡು ಆಯ್ಕೆಗಳೂ ಆ ಮಿತಿಯೊಳಗೇ ಇವೆ.

ಮುಂಭಾರ ಏಕೆ ಬೇಕೆಂದರೆ, ಬೇಟೆಯ ಮೊನೆಗೆ ಅಗಲವಾದ ಅಲಗುಗಳಿರುತ್ತವೆ. ಬ್ರಾಡ್‌ಹೆಡ್ ಎನ್ನುವ ಈ ಮೊನೆಯ ಅಲಗುಗಳು ಗಾಳಿಯಲ್ಲಿ ಮುಂದಿನ ಗರಿಗಳಂತೆ ವರ್ತಿಸಿ, ಬಾಣವನ್ನು ತಮ್ಮ ದಿಕ್ಕಿಗೆ ಸೆಳೆಯಲು ನೋಡುತ್ತವೆ. ತೂಕ ಮುಂದಿದ್ದಷ್ಟೂ ಹಿಂದಿನ ಗರಿಗಳಿಗೆ ಹಿಡಿತ ಹೆಚ್ಚಿ ಬಾಣ ಬೇಗ ನೆಟ್ಟಗಾಗುತ್ತದೆ. ಪ್ರಾಣಿಗೆ ತಗುಲಿದ ಮೇಲೂ ಅಷ್ಟೇ: ತೂಕ ಮುಂದಿದ್ದರೆ ಶಾಫ್ಟ್ ಬಳುಕದೆ ಮೊನೆಯ ಹಿಂದೆಯೇ ಸಾಗಿ ಬಾಣ ಆಳಕ್ಕೆ ಹೋಗುತ್ತದೆ.

ಇನ್ನು ತೊಡಕಿನ ವಿಷಯ. ಸ್ಪೈನ್ 400 ಎಂದರೆ, 28 ಇಂಚು ಅಂತರದ ಎರಡು ಆಸರೆಗಳ ಮೇಲಿಟ್ಟ ಶಾಫ್ಟಿನ ನಟ್ಟನಡುವೆ 880 ಗ್ರಾಂ ತೂಕ ತೂಗಿಬಿಟ್ಟಾಗ ಅದು 0.400 ಇಂಚು ಬಾಗುತ್ತದೆ ಎಂದರ್ಥ. ಅಂಕಿ ಕಡಿಮೆಯಾದಷ್ಟೂ ಶಾಫ್ಟ್ ಬಿಗಿ. ಇದು ನಿಂತ ಬಾಣದ ಅಳತೆ. ಹಾರುವ ಬಾಣದ ಬಾಗು ಮೊನೆಯ ತೂಕದ ಜೊತೆ ಏರುತ್ತದೆ, ಏಕೆಂದರೆ ಹಿಂದಿನಿಂದ ಹೆದೆ ತಳ್ಳುವಾಗ ಮುಂದಿನ ಭಾರ ಜಗ್ಗದೆ ನಿಲ್ಲಲು ನೋಡುತ್ತದೆ. 60 ಪೌಂಡಿಗೆ 28 ಇಂಚಿನ 400 ಶಾಫ್ಟ್ 100 ಗ್ರೇನಿನೊಂದಿಗೆ ಸರಿಹೊಂದುತ್ತದೆ. 125ಕ್ಕೆ ಹೋದರೆ ಅದು ಅಂಚಿಗೆ ಬಂದು ನಿಲ್ಲುತ್ತದೆ. 200 ಹಾಕಿದರೆ ಅದೇ ಶಾಫ್ಟ್ ಅತಿ ಮೆದುವಾಗಿಬಿಡುತ್ತದೆ. ಆಗ ನೀವು 340 ಅಥವಾ ಅದಕ್ಕಿಂತ ಬಿಗಿಯಾದ ಶಾಫ್ಟ್ ಕೊಳ್ಳಬೇಕು. ಮೆದು ಬಾಣಕ್ಕೆ ಅಗಲವಾದ ಅಲಗು ಹಾಕಿ ಬಿಟ್ಟರೆ ಅದು ಎಲ್ಲಿ ಹೋದೀತೆಂದು ಯಾರೂ ಹೇಳಲಾರರು, ಆದ್ದರಿಂದ ದಯವಿಟ್ಟು ಅದನ್ನು ಪ್ರಯೋಗಿಸಿ ನೋಡಬೇಡಿ.

ವೇಗ ಕಡಿಮೆಯಾಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ, ಆದರೆ ಹೆದರಿಸುವಷ್ಟಲ್ಲ. ಸುಮಾರು 385 ಗ್ರೇನಿನ ಬಾಣ ಸೆಕೆಂಡಿಗೆ 260 ಅಡಿ ಹೋಗುತ್ತಿದ್ದರೆ, ಮೊನೆಗೆ 25 ಗ್ರೇನ್ ಸೇರಿಸಿದಾಗ ಏಳೆಂಟು ಅಡಿ ಇಳಿಯುತ್ತದೆ. ಆ ಲೆಕ್ಕದಲ್ಲಿ ಬಾಣ ಮೊದಲಿಗಿಂತ 20 ಗಜ ದೂರದಲ್ಲಿ ಒಂದೂವರೆ ಸೆಂಟಿಮೀಟರಿನಷ್ಟು, 30 ಗಜದಲ್ಲಿ ಮೂರೂವರೆ ಸೆಂಟಿಮೀಟರಿನಷ್ಟು ಕೆಳಗೆ ಬೀಳುತ್ತದೆ, ಅದನ್ನು ಗುರಿಪಿನ್ ಸರಿಸಿ ಸರಿಪಡಿಸಬಹುದು. ಬದಲಿಗೆ ಬಾಣದ ಸಂವೇಗ ಶೇಕಡಾ ಮೂರರಷ್ಟು ಹೆಚ್ಚುತ್ತದೆ, ಬಿಲ್ಲಿನ ಸದ್ದೂ ತುಸು ತಗ್ಗುತ್ತದೆ. ಸದ್ದಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಶಬ್ದ ಸೆಕೆಂಡಿಗೆ 1,100 ಅಡಿಗಿಂತ ವೇಗವಾಗಿ ಹೋಗುವುದರಿಂದ ಎಂತಹ ಬಿಲ್ಲೇ ಆದರೂ ಅದರ ಸದ್ದು ಬಾಣಕ್ಕಿಂತ ಮೊದಲು ಜಿಂಕೆಯ ಕಿವಿಗೆ ಬೀಳುತ್ತದೆ, ಬೆಚ್ಚಿದ ಜಿಂಕೆ ಜಿಗಿಯುವ ಮುನ್ನ ಮೈಯನ್ನು ಕೆಳಕ್ಕೆ ಕುಗ್ಗಿಸುತ್ತದೆ. ಶ್ವಾಸಕೋಶಕ್ಕೆ ಇಟ್ಟ ಗುರಿ ಬೆನ್ನಿಗೆ ತಗುಲುವುದು ಹೀಗೆಯೇ. ಏಳೆಂಟು ಅಡಿಯ ವೇಗ ಇದನ್ನು ತಡೆಯಲಾರದು. 20 ಗಜದೊಳಗೆ, ಜಿಂಕೆ ನಿಶ್ಚಿಂತೆಯಿಂದ ನಿಂತಿರುವಾಗ ಮಾತ್ರ ಬಾಣ ಬಿಡುವ ಸಂಯಮ ತಡೆಯಬಲ್ಲದು.

ಶಕ್ತಿಯ ಕುರಿತೂ ಚಿಂತೆ ಬೇಡ. ಬಾಣ ತಯಾರಿಸುವ ಈಸ್ಟನ್ ಸಂಸ್ಥೆಯ ಪಟ್ಟಿ ಜಿಂಕೆಯ ಗಾತ್ರದ ಪ್ರಾಣಿಗೆ 25ರಿಂದ 41 ಅಡಿ-ಪೌಂಡ್ ಚಲನಶಕ್ತಿ ಸಾಕೆನ್ನುತ್ತದೆ. ಬಾಣದ ಗ್ರೇನ್ ತೂಕವನ್ನು ವೇಗದ ವರ್ಗದಿಂದ ಗುಣಿಸಿ 4,50,240ರಿಂದ ಭಾಗಿಸಿದರೆ ಈ ಅಂಕಿ ಸಿಗುತ್ತದೆ, ಮೇಲೆ ಹೇಳಿದ ಬಾಣಕ್ಕೆ ಅದು 57 ದಾಟುತ್ತದೆ. ಆದ್ದರಿಂದ 100 ಗ್ರೇನಿನಿಂದಲೂ ಜಿಂಕೆಯನ್ನು ಚೊಕ್ಕವಾಗಿ ಕೊಲ್ಲಬಹುದು, ಲಕ್ಷಾಂತರ ಜನ ಅದನ್ನೇ ಬಳಸುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಚಲಿಸದ ಅಲಗಿನ ಬ್ರಾಡ್‌ಹೆಡ್ ಬಳಸುವುದಾದರೆ 125 ಹಾಕಿ ಪರೀಕ್ಷಿಸಿ, ಬಾಣ ನೆಟ್ಟಗೆ ಹಾರಿದರೆ ಅದನ್ನೇ ಉಳಿಸಿಕೊಳ್ಳಿ. ಹಾರದಿದ್ದರೆ ಯಾವ ಅಳುಕೂ ಇಲ್ಲದೆ 100ಕ್ಕೆ ಮರಳಿ.

ಪರೀಕ್ಷಿಸುವ ಬಗೆ ಹೀಗೆ. ಅಭ್ಯಾಸದ ಫೀಲ್ಡ್ ಪಾಯಿಂಟ್ (ಅಲಗಿಲ್ಲದ ಮೊನೆ) ಮತ್ತು ಬ್ರಾಡ್‌ಹೆಡ್ ಎರಡನ್ನೂ ಗ್ರೇನ್ ತಕ್ಕಡಿಯಲ್ಲಿ ತೂಗಿ. ಡಬ್ಬಿಯ ಮೇಲೆ 125 ಎಂದಿದ್ದರೂ ಒಳಗಿನವು ಒಂದೆರಡು ಗ್ರೇನ್ ಆಚೀಚೆ ಇರುತ್ತವೆ. ಮೊನೆ ಹಾಕಿದ ಬಾಣವನ್ನು ತಿರುಗಿಸಿ ನೋಡಿದಾಗ ತುದಿ ಅದುರಬಾರದು. ಬಳಿಕ 20 ಗಜದಿಂದ ಒಂದೇ ಗುರಿಗೆ ಎರಡೂ ಬಗೆಯ ಬಾಣಗಳನ್ನು ಬಿಡಿ. ಬ್ರಾಡ್‌ಹೆಡ್ ಎಡಕ್ಕೆ ಬಿದ್ದರೆ ಬಾಣ ಕೂರುವ ರೆಸ್ಟನ್ನು ಬಲಕ್ಕೆ, ಬಲಕ್ಕೆ ಬಿದ್ದರೆ ಎಡಕ್ಕೆ, ಒಂದು ಮಿಲಿಮೀಟರಿಗಿಂತ ಕಡಿಮೆ ಸರಿಸಿ ಮತ್ತೆ ನೋಡಿ. ಎಷ್ಟು ಸರಿಸಿದರೂ ಎರಡೂ ಒಂದೆಡೆ ಬೀಳದಿದ್ದರೆ ಶಾಫ್ಟಿನ ಬಿಗಿ ಆ ಮೊನೆಗೆ ಹೊಂದುತ್ತಿಲ್ಲ ಎಂದು ತಿಳಿಯಿರಿ. ಅಭ್ಯಾಸಕ್ಕೆ ಬಳಸಿದ ಅಲಗನ್ನು ಸಾಣೆ ಹಿಡಿಯದೆ ಕಾಡಿಗೆ ಒಯ್ಯಬೇಡಿ. ಬಾಣ ಕೊಲ್ಲುವುದು ಹೊಡೆತದಿಂದಲ್ಲ, ರಕ್ತನಾಳಗಳನ್ನು ಕತ್ತರಿಸಿ. ಮೊಂಡ ಅಲಗಿನ ಕೊರತೆಯನ್ನು ಎಷ್ಟು ಗ್ರೇನ್ ಸೇರಿಸಿದರೂ ತುಂಬಲಾಗದು, ಅದರ ನೋವನ್ನು ಅನುಭವಿಸುವುದು ಆ ಮೂಕ ಪ್ರಾಣಿ. ನಿಮ್ಮ ರಾಜ್ಯದಲ್ಲಿ ಬ್ರಾಡ್‌ಹೆಡ್ ಕನಿಷ್ಠ 7/8 ಇಂಚು ಅಗಲ ಕತ್ತರಿಸುವಂತಿರಬೇಕೆಂಬ ನಿಯಮವಿದೆ. ಕೊಳ್ಳುವ ಮುನ್ನ ಆ ವರ್ಷದ ನಿಯಮ ಪುಸ್ತಕವನ್ನು ನೋಡಿಕೊಳ್ಳಿ.

ಪ್ರಶ್ನೆ: ಟೆಕ್ಸಾಸ್‌ನಲ್ಲಿ ಕಾಡುಹಂದಿ ಬೇಟೆಗೆ 45 ಪೌಂಡಿನ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲನ್ನು ಬಳಸಬೇಕೆಂದಿದ್ದೇನೆ. ಬಾಣ ಒಟ್ಟು 650 ಗ್ರೇನ್ ಇರಲೇಬೇಕೆಂದು ಓದಿದೆ. ಹಾಗಾದರೆ 300 ಗ್ರೇನಿನ ಮೊನೆ ಹಾಕಲೇ?

ಉತ್ತರ: ಆ 650ರ ಮೂಲ ಡಾ. ಎಡ್ ಆಶ್ಬಿ ಅವರು ಆಫ್ರಿಕಾ ಮತ್ತು ಆಸ್ಟ್ರೇಲಿಯಾಗಳಲ್ಲಿ ದೊಡ್ಡ ಪ್ರಾಣಿಗಳ ಮೇಲೆ ದೀರ್ಘಕಾಲ ನಡೆಸಿದ ಪರೀಕ್ಷೆಗಳು. ಕಾಡೆಮ್ಮೆಯಂತಹ ಪ್ರಾಣಿಯ ದಪ್ಪ ಎಲುಬನ್ನು ಬಾಣ ಭೇದಿಸಬೇಕಾದಾಗ ಆ ತೂಕದ ಆಚೆಗೆ ಫಲ ಗಮನಾರ್ಹವಾಗಿ ಸುಧಾರಿಸುತ್ತದೆ ಎಂಬುದು ಅವರ ನಿರ್ಣಯ. ಅದು ಬೆಲೆಯುಳ್ಳ ಕೆಲಸ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಒಂದು ಸಂದರ್ಭದ ಅಂಕಿಯನ್ನು ಎಲ್ಲ ಬಿಲ್ಲಿಗೂ ಎಲ್ಲ ಪ್ರಾಣಿಗೂ ನಿಯಮವೆಂದು ಹೇರುವುದು ಸರಿಯಲ್ಲ. 45 ಪೌಂಡಿನ ಬಿಲ್ಲಿನಿಂದ 650 ಗ್ರೇನಿನ ಬಾಣ ಬಿಟ್ಟರೆ ಅದರ ದಾರಿ ಎಷ್ಟು ಬಾಗುತ್ತದೆಂದರೆ, ದೂರದ ಅಂದಾಜು ಎರಡು ಗಜ ತಪ್ಪಿದರೂ ಗುರಿ ಕೈತಪ್ಪುತ್ತದೆ.

ನಿಮಗೆ ಪೌಂಡಿಗೆ ಹತ್ತು ಗ್ರೇನಿನಂತೆ 450ರ ಸುತ್ತಮುತ್ತಲಿನ ಬಾಣ ಹೊಂದುತ್ತದೆ. 30 ಇಂಚಿನ 500 ಸ್ಪೈನ್ ಕಾರ್ಬನ್ ಶಾಫ್ಟಿಗೆ 175 ಅಥವಾ 200 ಗ್ರೇನಿನ ಮೊನೆ ಹಾಕಿದರೆ ಅಲ್ಲಿಗೆ ತಲುಪುತ್ತೀರಿ. ಶಾಫ್ಟನ್ನು ಮೊದಲೇ ಕತ್ತರಿಸಬೇಡಿ. ಗರಿಯಿಲ್ಲದ ಬಾಣವನ್ನು ಗರಿಯಿರುವುದರ ಜೊತೆ ಹತ್ತಿರದಿಂದ ಬಿಟ್ಟು ನೋಡಿ: ಬಲಗೈಯಿಂದ ಹೆದೆ ಎಳೆಯುವವರಿಗೆ ಗರಿಯಿಲ್ಲದ್ದು ಬಲಕ್ಕೆ ಬಿದ್ದರೆ ಬಾಣ ಮೆದು, ಎಡಕ್ಕೆ ಬಿದ್ದರೆ ಬಿಗಿ. ಮೆದುವಾಗಿದ್ದರೆ ಕಾಲು ಇಂಚಿನಂತೆ ಕತ್ತರಿಸುತ್ತ ಬನ್ನಿ, ಬಿಗಿಯಾಗಿದ್ದರೆ ಮೊನೆಯ ತೂಕ ಹೆಚ್ಚಿಸಿ. ಗಂಡು ಹಂದಿಯ ಭುಜದ ಮೇಲೆ ದಪ್ಪ ಚರ್ಮದ ಕವಚವಿರುವುದರಿಂದ, ತಗುಲಿದಾಗ ಬಿಚ್ಚಿಕೊಳ್ಳುವ ಅಲಗುಗಳನ್ನು ಈ ಬಿಲ್ಲಿಗೆ ಹಾಕಲೇಬೇಡಿ. ತುದಿಯಿಂದಲೇ ಕತ್ತರಿಸುವ ಎರಡಲಗಿನ ಕಿರಿದಾದ ಮೊನೆಯೇ ಸರಿ. ಹಂದಿಯ ಹೃದಯ ಮತ್ತು ಶ್ವಾಸಕೋಶ ಜಿಂಕೆಯದಕ್ಕಿಂತ ಕೆಳಗೂ ಮುಂದೂ ಇರುತ್ತವೆ ಎಂಬುದನ್ನು ಗುರಿಯಿಡುವಾಗ ನೆನಪಿಡಿ.

ಪ್ರಶ್ನೆ: ನಾನು ಮೈಸೂರಿನಲ್ಲಿ ರಿಕರ್ವ್ ಬಿಲ್ಲಿನ ಅಭ್ಯಾಸ ಮಾಡುತ್ತಿರುವ ವಿದ್ಯಾರ್ಥಿನಿ. ಭಾರದ ಮೊನೆಯ ಈ ಲಾಭ 70 ಮೀಟರ್ ಸ್ಪರ್ಧೆಯಲ್ಲೂ ಸಿಗುತ್ತದೆಯೇ? ಬ್ರಾಡ್‌ಹೆಡ್ ತರಿಸಿ ಅಭ್ಯಾಸ ಮಾಡಬಹುದೇ?

ಉತ್ತರ: ಬ್ರಾಡ್‌ಹೆಡ್ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮಲ್ಲಿ ಬೇಟೆ ನಿಷಿದ್ಧ, ಮೇಲಿನ ಉತ್ತರಗಳು ಅದು ಕಾನೂನುಬದ್ಧವಾಗಿರುವ ಊರುಗಳಿಗೆ ಮಾತ್ರ. ಅಲ್ಲದೆ ಅದರ ಅಲಗು ಮೈದಾನದ ಗುರಿಹಲಗೆಯನ್ನು ಸೀಳಿಹಾಕುತ್ತದೆ, ಬಾಣ ಕೀಳುವವರ ಕೈಗೂ ಅಪಾಯ.

ಮುಂಭಾರದ ಲಾಭ ಮಾತ್ರ ನಿಮಗೂ ಉಂಟು. ದೂರದ ಗುರಿಯಲ್ಲಿ ಗಾಳಿಗೆ ಬಾಣ ಕಡಿಮೆ ತೇಲುವಂತೆ ಅದು ನೋಡಿಕೊಳ್ಳುತ್ತದೆ. 70 ಮೀಟರಿನ ತೆಳು ಶಾಫ್ಟುಗಳಿಗೆ 100, 110, 120 ಗ್ರೇನ್ ಹೀಗೆ ತುಂಡು ಮುರಿದು ತೂಕ ಇಳಿಸಬಹುದಾದ ಮೊನೆಗಳು ಬರುತ್ತವೆ. ಮುರಿದ ತುಂಡನ್ನು ಮತ್ತೆ ಸೇರಿಸಲಾಗದ ಕಾರಣ 120ರಿಂದಲೇ ಆರಂಭಿಸಿ, ಗರಿಯಿಲ್ಲದ ಬಾಣದ ಪರೀಕ್ಷೆ ಮಾಡಿ, ಬಾಣ ಮೆದುವೆಂದು ಖಚಿತವಾದ ಮೇಲಷ್ಟೇ ಹತ್ತು ಗ್ರೇನಿನ ಒಂದು ತುಂಡನ್ನು ತೆಗೆಯಿರಿ. ಮೊನೆಯನ್ನು ಹೊರತೆಗೆಯಲು ಅಂಟನ್ನು ಕರಗಿಸುವಾಗ ಬೆಂಕಿ ತಗುಲಬೇಕಾದದ್ದು ಲೋಹದ ತುದಿಗೆ. ಕಾರ್ಬನ್ ಶಾಫ್ಟ್ ಬಿಸಿಯಾದರೆ ಅದರ ನಾರು ಸಡಿಲಗೊಂಡು ಬಾಣ ಹಾಳಾಗುತ್ತದೆ.